ರಷ್ಯಾಕ್ಕೆ ಹೊರಡುವ ಮೊದಲು ಹೆಸರು ಸರಿ ಮಾಡಿಕೋ

ತಮ್ಮಾ, ಕುರ್ಸ್ಕ್‌ಗೆ ಮೆಡಿಕಲ್ ಓದೋಕೆ ಬರುತ್ತಿದ್ದೇನೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ತೊಂದರೆ ಆಗುತ್ತಾ, ಅಲ್ಲಿಯವರ ಸರ್‌ನೇಮ್ ನೋಡಿದರೆ ಜಾತಿ ಗೊತ್ತಾಗುತ್ತಾ, ಹಾಸ್ಟೆಲ್ ಊಟ ಹೇಗೆ ಅಂತೆಲ್ಲ ಕೇಳಿದ್ದೀಯ. ಹಾಸ್ಟೆಲ್ ಪರವಾಗಿಲ್ಲ. ಅಕ್ಕಿ ಸಿಗುತ್ತದೆ, ಕುಕ್ಕರ್ ತಾ. ಹೆಸರಿನ ವಿಷಯ ಮಾತ್ರ ಗಮನ ಇಟ್ಟು ಓದು.

ಇಲ್ಲಿ ಎಲ್ಲರಿಗೂ ಮೂರು ಹೆಸರು. ಫಾರಂನಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕೊನೆಗೆ ಅಪ್ಪನದು. ಅಪ್ಪ ಇವಾನ್ ಆದರೆ ಮಗ ಇವಾನೊವಿಚ್, ಮಗಳು ಇವಾನೊವ್ನ. ಮೇಷ್ಟ್ರನ್ನು ಸರ್, ಮೇಡಂ ಅಂದರೆ ನಡೆಯುವುದಿಲ್ಲ, ಅವರ ಹೆಸರಿಗೆ ಅವರ ಅಪ್ಪನ ಹೆಸರು ಸೇರಿಸಿಯೇ ಕರೆಯಬೇಕು. ಗಂಡ ಪೆತ್ರೊವ್ ಆದರೆ ಹೆಂಡತಿ ಪೆತ್ರೊವಾ, ಇಬ್ಬರೂ ಬೇರೆ ಮನೆಯವರು ಅಂದುಕೊಳ್ಳಬೇಡ. ಸೈಬೀರಿಯಾ ಕಡೆ ಜಾಸ್ತಿ ಸಿಗುವ ಚೆರ್ನಿಖ್, ಸೆದಿಖ್ ಥರದವು ಆದರೆ ಗಂಡಿಗೂ ಹೆಣ್ಣಿಗೂ ಒಂದೇ.

ಜಾತಿ ಇಲ್ಲ, ಆದರೆ ಹಿಂದಿನವರ ಕಸುಬು ತಿಳಿಯುತ್ತದೆ. ಕುಜ್ನೆತ್ಸೊವ್ ಕಮ್ಮಾರನ ಮನೆ, ಗೊಂಚರೊವ್ ಕುಂಬಾರನದು, ಪೊಪೊವ್ ಪಾದ್ರಿಯದು. ಪಾದ್ರಿ ಮಕ್ಕಳಿಗೆ ಧರ್ಮದ ಶಾಲೆಯಲ್ಲಿ ಹಬ್ಬದ ಹೆಸರನ್ನೇ ಕೊಡುತ್ತಿದ್ದುದೂ ಉಂಟು, ಉಸ್ಪೆನ್ಸ್ಕಿ ಹಾಗೆ ಬಂದದ್ದು. ನನಗೆ ಬಹಳ ಇಷ್ಟವಾದದ್ದು ನೆಕ್ರಾಸೊವ್. 'ಚಂದ ಇಲ್ಲದವನು' ಅಂತ ಅರ್ಥ ಬರುವ ನೆಕ್ರಾಸ್ ಅನ್ನುವ ಹೆಸರಿನಿಂದ ಬಂದದ್ದು, ಕೆಟ್ಟ ದೃಷ್ಟಿ ತಾಗದಿರಲಿ ಅಂತ ಮಗುವಿಗೆ ಇಡುತ್ತಿದ್ದರಂತೆ. ಮಕ್ಕಳು ಉಳಿಯದ ಮನೆಯಲ್ಲಿ ನಾವು ತಿಪ್ಪಯ್ಯ ಅಂತ ಇಡುತ್ತಿರಲಿಲ್ವಾ! ಶ್ರೀಮಂತರಿಗೆ ಮನೆತನದ ಹೆಸರು ಮೊದಲೇ ಇತ್ತು. ಜೀತದಲ್ಲಿದ್ದ ಎಷ್ಟೋ ರೈತರಿಗೆ ಅದು ಗಟ್ಟಿಯಾಗಿದ್ದು 1861ರಲ್ಲಿ ಬಿಡುಗಡೆ ಆದ ಮೇಲೆ. ಇನ್ನು, ಕೊನೆಗೆ ಎಂಕೊ ಬಂದರೆ ಉಕ್ರೇನ್ ಮೂಲ, ಯಾನ್ ಬಂದರೆ ಆರ್ಮೇನಿಯಾ, ಶ್ವಿಲಿ ಬಂದರೆ ಜಾರ್ಜಿಯಾ. ಇದು ಎಲ್ಲರಿಗೂ ಗೊತ್ತು, ಆದರೂ ನೀನು ಆ ಮಾತು ತೆಗೆಯಬೇಡ. ಈಗಿನ ಕಾಲದಲ್ಲಂತೂ ಬೇಡವೇ ಬೇಡ.

ನಾನು ಬಂದಾಗ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಸಿಕೊಂಡಿದ್ದೆ. ಮೊದಲ ದಿನವೇ ಕ್ಲಾಸಿನಲ್ಲಿ 'ಹನುಮಂತಪ್ಪ!' ಅಂತ ಕೂಗಿದರು. ಮನೆಯಲ್ಲಿ ಅಪ್ಪನ ಹೆಸರು ಬಾಯಲ್ಲಿ ಎತ್ತದವನು, ಎದ್ದು ನಿಂತು ಹೌದು ಅನ್ನಬೇಕಾಯಿತು. ಅದಾದರೂ ರೂಢಿಯಾಯಿತು. ರಷ್ಯನ್‌ನಲ್ಲಿ ನಮ್ಮ 'ಹ' ಇಲ್ಲ, ಒಬ್ಬರು 'ಗ' ಬರೆಯುತ್ತಾರೆ, ಇನ್ನೊಬ್ಬರು 'ಖ'. ಪಾಸ್‌ಪೋರ್ಟ್ ತರ್ಜುಮೆಯಲ್ಲಿ ಖನುಮಂತಪ್ಪ, ಡಿಪ್ಲೊಮಾದಲ್ಲಿ ಗನುಮಂತಪ್ಪ. ಇಬ್ಬರೂ ಒಬ್ಬನೇ ಅಂತ ತೋರಿಸೋಕೆ ಆಫೀಸಿಂದ ಆಫೀಸಿಗೆ ಅಲೆದು ಸಿಕ್ಕ ಕೆಲಸವೂ ಕೈತಪ್ಪಿತು. ಕೆಲಸ ಹೋಗಲಿ, ಬೇರೆ ಸಿಕ್ಕಿತು. ಊರಲ್ಲಿ ಅಪ್ಪ ಆ ಡಿಪ್ಲೊಮಾದ ಜೆರಾಕ್ಸಿಗೆ ಫ್ರೇಮ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು, ಬಂದವರಿಗೆಲ್ಲ ತೋರಿಸುತ್ತಿದ್ದರು. ಅದರಲ್ಲಿ ಅವರ ಹೆಸರೇ ಕೆಟ್ಟಿದೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಈಗ ಅವರಿಲ್ಲ.

ಅದಕ್ಕೇ ಹೇಳುವುದು, ಸರ್‌ನೇಮ್ ಅಲ್ಲೇ ಹಾಕಿಸಿಕೊಂಡು ಬಾ. ಊರಿನ ಹೆಸರಾದರೆ ಒಳ್ಳೆಯದು, ಮನೆಯಲ್ಲಿ ಕೇಳಿ ನೋಡು. ಮಾರ್ಕ್ಸ್‌ಕಾರ್ಡಿಗೂ ಹೊಂದಬೇಕು. ತರ್ಜುಮೆ ನೋಟರಿಗೆ ಹೋಗುವ ಮೊದಲು ಅಕ್ಷರ ಅಕ್ಷರ ಓದಿಸು, ಆಮೇಲೆ ಎಲ್ಲ ಕಡೆ ಅದೇ ಇರಲಿ. ಸರ್ಟಿಫಿಕೇಟಿನಲ್ಲಿ ಪಾಟೀಲ್ ಹೋಗಿ 'ಪಾಟೀಲು' ಅಂತ ಕಂಡರೆ ಮಾತ್ರ ಗಾಬರಿ ಬೇಡ, ಅದು 'ಪಾಟೀಲನಿಗೆ' ಅಂತ, ವ್ಯಾಕರಣ ಅಷ್ಟೇ.