ಭಾರಜಲದ ಐಸು, ಉಪ್ಪುನೀರಿನ ಮೊಟ್ಟೆ

ಪ್ರಶ್ನೆ: ಕೈಗಾದಲ್ಲಿ ಭಾರಜಲ ಬಳಸುತ್ತಾರಂತೆ, ಅದರ ಐಸ್ ತುಂಡು ಮಾಮೂಲಿ ನೀರಿನಲ್ಲಿ ಮುಳುಗುತ್ತದಂತೆ. ಎಂಟನೇ ಕ್ಲಾಸಿನ ನನ್ನ ಮಗ ಮನೆಯಲ್ಲೇ ಮಾಡಿ ನೋಡೋಣ ಅಂತ ಹಟ ಹಿಡಿದಿದ್ದಾನೆ. ಶಿವಮೊಗ್ಗದಲ್ಲಿ ಎಲ್ಲಾದರೂ ಸಿಗುತ್ತದಾ? ಕುಡಿದರೆ ಏನಾಗುತ್ತದೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಮುಳುಗುವುದು ನಿಜ. ಆದರೆ ಅದು ಅಂಗಡಿಯಲ್ಲಿ ಕೊಳ್ಳುವ ಸರಕಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಇದೇ ಅಂದುಕೊಳ್ಳಬೇಡಿ, ಅದು ಬೇರೆ.

ನೀರಿನಲ್ಲಿರುವ ಹೈಡ್ರೋಜನ್‌ಗೆ ಒಬ್ಬ ದಡೂತಿ ಅಣ್ಣ ಇದ್ದಾನೆ, ಹೆಸರು ಡ್ಯೂಟೀರಿಯಂ, ತೂಕ ಹೆಚ್ಚುಕಮ್ಮಿ ಎರಡರಷ್ಟು. ಹೆರಾಲ್ಡ್ ಯೂರಿ ಇವನನ್ನು 1931ರಲ್ಲಿ ಪತ್ತೆ ಹಚ್ಚಿ 1934ರಲ್ಲಿ ನೊಬೆಲ್ ಪಡೆದರು. ನಿಮ್ಮೂರಿನ ತುಂಗೆಯಲ್ಲೂ ಇವನಿದ್ದಾನೆ, ಸುಮಾರು 6,400 ಹೈಡ್ರೋಜನ್‌ಗೆ ಒಬ್ಬನಂತೆ. ಬರೀ ಇವನಿಂದಲೇ ಆದ ನೀರು ಭಾರಜಲ. ಒಂದು ಲೀಟರ್ ತೂಗಿದರೆ 1 ಕೆಜಿ 100 ಗ್ರಾಂಗೂ ಸ್ವಲ್ಪ ಜಾಸ್ತಿ.

ಆ ಭಾರವನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಒಂದು ಲೀಟರ್ ನೀರಿಗೆ 175 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ, ಈಗ ಅದು ಭಾರಜಲದಷ್ಟೇ ಗಟ್ಟಿ. ಪಕ್ಕದಲ್ಲಿ ಬಾವಿ ನೀರಿನ ಪಾತ್ರೆ ಇಡಿ. ಬಾವಿ ನೀರಿನಲ್ಲಿ ತಳ ಸೇರಿದ ಮೊಟ್ಟೆ ಇಲ್ಲಿ ಬೋಳು ತಲೆ ಎತ್ತಿಕೊಂಡು ತೇಲುತ್ತದೆ. ಭತ್ತದ ಬೀಜ ಆರಿಸುವಾಗ ಮೊಟ್ಟೆ ತೇಲುವ ತನಕ ಉಪ್ಪು ಹಾಕಿ, ಆಮೇಲೆ ಬೀಜ ಸುರಿದು ಜೊಳ್ಳು ತೆಗೆಯುತ್ತಾರಲ್ಲ, ಅದೇ ಲೆಕ್ಕ. ಮೊಟ್ಟೆ ಮಾತ್ರ ತಾಜಾ ಇರಲಿ. ಹಳೇದು ಬಾವಿ ನೀರಲ್ಲೇ ತೇಲಿಬಿಡುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಐಸ್ ಆಟಕ್ಕೆ ಗಾಜಿನ ಲೋಟದಲ್ಲಿ ಸೂರ್ಯಕಾಂತಿ ಎಣ್ಣೆ ತೆಗೆದುಕೊಳ್ಳಿ. ಐಸ್ ತುಂಡು ಮುಳುಗಿತೇನೋ ಅನ್ನುವ ಹಾಗೆ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಕರಗಿದ ಹನಿ ಅದರ ಹೊಟ್ಟೆಗೆ ಅಂಟಿಕೊಂಡು ಊದಿ, ಕಳಚಿ, ಮುತ್ತಿನ ಹಾಗೆ ನಿಧಾನಕ್ಕೆ ತಳಕ್ಕಿಳಿಯುತ್ತದೆ. ಇದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ. ತೇಲೋದು ಮುಳುಗೋದು ಯಾವುದರಲ್ಲಿ ಹಾಕಿದ್ದೀವಿ ಅನ್ನುವುದರ ಮೇಲಿದೆ, ಅಲ್ವಾ? ಭಾರಜಲದ ಐಸು ಮಾಮೂಲಿ ನೀರಿಗಿಂತ ಶೇಕಡಾ 2ರಷ್ಟು ಮಾತ್ರ ಭಾರ, ಅದಕ್ಕೇ ಮುಳುಗುತ್ತದೆ. ತನ್ನದೇ ನೀರಿನಲ್ಲಿ, ನಿಮ್ಮ ಉಪ್ಪುನೀರಿನಲ್ಲೂ, ತೇಲುತ್ತದೆ. ಇನ್ನೊಂದು ಮಜಾ, ಅದು ಹೆಪ್ಪುಗಟ್ಟುವುದು 3.8 ಡಿಗ್ರಿಯಲ್ಲೇ. ಹಾಗಾಗಿ ಐಸ್ ತೇಲುತ್ತಿರುವ ತಣ್ಣನೆ ನೀರಿಗೆ ಹಾಕಿದರೆ ಬೇಗ ಕರಗದೆ ತಳದಲ್ಲಿ ಕೂತಿರುತ್ತದೆ.

ಕುಡಿಯುವ ವಿಚಾರ. ಒಂದು ಗುಟುಕಿಗೆ ಏನೂ ಆಗಲ್ಲ, ನಾಲಿಗೆಗೆ ಸ್ವಲ್ಪ ಸಿಹಿ ಅನ್ನಿಸುತ್ತದೆ. ಆದರೆ ಹೆಸರುಕಾಳನ್ನು ಅದರಲ್ಲೇ ನೆನೆಸಿಟ್ಟರೆ ಮೊಳಕೆಯ ಆಸೆ ಬಿಡಬೇಕು. ಮೈಯ ನೀರಿನಲ್ಲಿ ಅರ್ಧದಷ್ಟು ಅದೇ ತುಂಬಿಕೊಂಡರೆ ಪ್ರಾಣಿಗಳೂ ಬದುಕಲ್ಲ. ಅದು ತಾನಾಗಿ ವಿಕಿರಣ ಸೂಸುವುದಿಲ್ಲ, ರಿಯಾಕ್ಟರ್ ಒಳಗೆ ಓಡಾಡಿ ಬಂದಿದ್ದು ಮಾತ್ರ ಸೂಸುತ್ತದೆ.

ಆಟ ಮುಗಿದ ಮೇಲೆ ಆ ಉಪ್ಪುನೀರನ್ನು ಅಡಿಕೆ ಸಸಿ ಬುಡಕ್ಕೆ ಸುರಿಯಬೇಡಿ ಅಂತ ಮಗನಿಗೆ ಹೇಳಿ.