ಜೋಗಕ್ಕೆ ಹೋಗಿದ್ದೇ ನೆನಪಿಲ್ಲ ಅಂತ ಬರೆದ ತಂಗಿಗೆ

ಪ್ರೀತಿಯ ತಂಗಿ,

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಲ್ಲ. ನಿಮಗೆ 24, ಹದಿನೇಳನೇ ವಯಸ್ಸಿಂದ ಫಿಟ್ಸ್, ಈಗ ಬೆಂಗಳೂರಲ್ಲಿ ಪಿಜಿಲಿದ್ದು ಕೆಲಸಕ್ಕೆ ಹೋಗ್ತೀರಿ, ಮಾತ್ರೆಯಿಂದ ಫಿಟ್ಸ್ ಎಷ್ಟೋ ಕಮ್ಮಿ ಆಗಿದೆ ಆದ್ರೆ ಮರೆವು ಬಿಡ್ತಿಲ್ಲ. ಹೋದ ವರ್ಷ ಫ್ರೆಂಡ್ಸ್ ಜೊತೆ ಜೋಗಕ್ಕೆ ಹೋಗಿದ್ದು ಫೋಟೋದಲ್ಲಿದೆ, ನಿಮ್ಮ ತಲೇಲಿಲ್ಲ. ಆಫೀಸಲ್ಲಿ ‘ಗಮನ ಎಲ್ಲಿರುತ್ತೆ’ ಅಂತಾರೆ, ಅಮ್ಮ ‘ಯಾರಿಗೂ ಹೇಳ್ಬೇಡ, ನಾಳೆ ಮದುವೆ ಆಗ್ಬೇಕು’ ಅಂತಾರೆ. ‘ನಾನು ದಡ್ಡಿ ಆಗ್ತಿದ್ದೀನಾ’ ಅಂತ ಕೇಳಿದ್ದೀರಿ.

ಇಲ್ಲ ಕಣಮ್ಮ. ಜೋಗದ ವಿಷ್ಯ ನಿಮ್ಮ ಪತ್ರದ ಮೊದಲನೇ ಪುಟದಲ್ಲೂ ಇದೆ, ಮೂರನೇ ಪುಟದಲ್ಲೂ ಇದೆ, ಎರಡನೇ ಸಲ ಬರೆದ ಕಡೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಇದನ್ನ ಆಗ್ಲೇ ಬರೆದ್ನಾ?’ ಅಂತ ಬರೆದು ಗೀಚಿ ಹಾಕಿದ್ದೀರಿ. ಅದನ್ನ ನೋಡಿ ನಂಗೆ ಸ್ವಲ್ಪ ಹೊತ್ತು ಪುಟ ತಿರುಗಿಸೋಕಾಗ್ಲಿಲ್ಲ.

ನಿಮಗೆ ಫಿಟ್ಸ್ ಶುರುವಾಗೋದು ಟೆಂಪೊರಲ್ ಲೋಬ್‌ನಿಂದ ಅಂತ ಡಾಕ್ಟ್ರು ಹೇಳಿದ್ದಾರಲ್ಲ, ಕಿವಿಯ ನೇರಕ್ಕೆ ಒಳಗಿರೋ ಮೆದುಳಿನ ಭಾಗ ಅದು, ದಿನದಲ್ಲಿ ನಡೆದದ್ದನ್ನ ನೆನಪಾಗಿ ಕೂಡಿಡೋ ಹಿಪೊಕ್ಯಾಂಪಸ್ ಇರೋದೂ ಅದರೊಳಗೇ. ಫಿಟ್ಸ್ ಅಂದ್ರೆ ಮೆದುಳಿನ ಕರೆಂಟ್ ಏರುಪೇರಾಗೋದು, ಅದು ಅಲ್ಲೇ ಆದ್ರೆ ನೆನಪು ಗಟ್ಟಿ ಆಗೋದಾದ್ರೂ ಹೇಗೆ? ಇದರ ಜೊತೆ ಕೆಲವು ಫಿಟ್ಸ್ ಮಾತ್ರೆಗಳು, ಟೊಪಿರಮೇಟ್ ಥರದ್ದು, ಬಾಯಿ ತುದೀಲಿದ್ದ ಪದಾನೇ ಸಿಗದ ಹಾಗೆ ಮಾಡುತ್ತೆ, ನಿದ್ದೆಗೆಟ್ರೂ ಮನಸ್ಸು ಕುಗ್ಗಿದ್ರೂ ಮರೆವು ಜಾಸ್ತಿ ಆಗುತ್ತೆ. ನಿಮ್ಮದ್ರಲ್ಲಿ ಯಾವುದರ ಪಾಲು ಎಷ್ಟು ಅಂತ ನಾನು ಹೇಳೋಕಾಗಲ್ಲ, ನ್ಯೂರಾಲಜಿಸ್ಟ್ ಹೇಳ್ಬೇಕು. ಹೋದಾಗ ಫಿಟ್ಸ್ ಲೆಕ್ಕ ಮಾತ್ರ ಒಪ್ಪಿಸಿ ಬರ್ಬೇಡಿ, ಮರೆವಿನ ಬಗ್ಗೆ ಬಾಯಿಬಿಟ್ಟು ಹೇಳಿ, ನೆನಪಿನ ಪರೀಕ್ಷೆ ಮಾಡಿಸ್ಬೇಕಾ ಅಂತ ಕೇಳಿ, ನಿಮ್ಹಾನ್ಸ್‌ನಲ್ಲಿ ಅದಕ್ಕೇ ಬೇರೆ ವಿಭಾಗ ಇದೆ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ, ಕೈ ಮುಗಿದು ಕೇಳ್ತೀನಿ, ತಟ್ಟನೆ ನಿಲ್ಲಿಸಿದ್ರೆ ಬಿಡುವಿಲ್ಲದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.

1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಅನ್ನೋರಿಗೆ, ಆಗ ಅವರಿಗೆ 27 ವರ್ಷ, ಫಿಟ್ಸ್ ನಿಲ್ಲಲಿ ಅಂತ ಎರಡೂ ಕಡೆ ಹಿಪೊಕ್ಯಾಂಪಸ್‌ನ ದೊಡ್ಡ ಭಾಗಾನೇ ತೆಗೆದುಬಿಟ್ರು. ಆಮೇಲೆ ಅವರಿಗೆ ಹೊಸದೇನೂ ನೆನಪಲ್ಲಿ ನಿಲ್ಲಲಿಲ್ಲ. (ಹೆದರ್ಬೇಡಿ, ಈಗ ಹಾಗೆ ಎರಡೂ ಕಡೆ ತೆಗೆಯಲ್ಲ.) ಆದ್ರೆ ಕನ್ನಡಿ ನೋಡ್ಕೊಂಡು ನಕ್ಷತ್ರದ ಗೆರೆ ತಿದ್ದೋ ಕೆಲಸ ಕೊಟ್ರೆ, ಇದನ್ನ ಮುಂಚೆ ಮಾಡಿದ್ದೇ ಗೊತ್ತಿಲ್ಲದಿದ್ರೂ ದಿನದಿಂದ ದಿನಕ್ಕೆ ಕೈ ಪಳಗ್ತಾ ಹೋಯ್ತು. ನಡೆದದ್ದನ್ನ ನೆನಪಿಡೋದು ಬೇರೆ, ಕೈ ರೂಢಿ ಬೇರೆ ಅಂತ ವೈದ್ಯಲೋಕಕ್ಕೆ ಗೊತ್ತಾಗಿದ್ದು ಹೀಗೆ.

ಆ ರೂಢಿನೇ ನೀವು ಹಿಡ್ಕೊಳ್ಳಿ. ತಗೊಂಡಿದ್ದು ಮರೆತು ಒಂದೇ ರಾತ್ರಿ ಎರಡು ಸಲ ಮಾತ್ರೆ ನುಂಗಿದ್ದೆ ಅಂತ ಬರೆದಿದ್ದೀರಿ, ಓದಿ ಎದೆ ಝಲ್ ಅಂತು. ವಾರದ ಏಳು ಖಾನೆ ಇರೋ ಮಾತ್ರೆ ಡಬ್ಬಿ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಭಾನುವಾರ ತುಂಬಿಸಿ ಹಲ್ಲುಜ್ಜೋ ಬ್ರಷ್ ಪಕ್ಕ ಇಡಿ, ಸೋಮವಾರದ ಖಾನೆ ಖಾಲಿ ಇದ್ರೆ ತಗೊಂಡಿದ್ದೀರಿ ಅಂತಲೇ ಅರ್ಥ, ತಲೆ ಕೆರ್ಕೊಳ್ಳೋದೇ ಬೇಡ.

ರೂಮ್‌ಮೇಟ್‌ಗೆ ಹೇಳಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ಬೇಡ, ಬಾಯಿಗೆ ಏನೂ ತುರುಕ್ಬಾರ್ದು, ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡ್ಬೇಕು, ಐದು ನಿಮಿಷ ದಾಟಿದ್ರೆ ಆಸ್ಪತ್ರೆ. ಅಮ್ಮನಿಗೂ ಹೇಳಿ, ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ, ಅಂದ್ರೆ ಈ ಫಿಟ್ಸ್ ಕಾಯಿಲೆ, ಇದ್ದೋರಿಗೆ ಇದ್ದ ತೊಡಕನ್ನ 1999ರಲ್ಲೇ ತೆಗೆದುಹಾಕಿದ್ದಾರೆ. ಮುಚ್ಚಿಟ್ಟು ಮದುವೆ ಮಾಡಿದ್ರೆ ಕದ್ದು ಮಾತ್ರೆ ನುಂಗ್ಬೇಕಾಗುತ್ತೆ, ಡೋಸ್ ತಪ್ಪುತ್ತೆ, ಅದೇ ನಂಗೆ ಭಯ.

ಇನ್ನು ಜೋಗದ್ದು. ಆ ಫೋಟೋ ಪ್ರಿಂಟ್ ಹಾಕ್ಸಿ ಅವತ್ತು ಜೊತೆಗಿದ್ದ ಒಬ್ಬ ಫ್ರೆಂಡ್ ಕೈಗೇ ಕೊಡಿ, ಅವತ್ತು ಮಳೆ ಇತ್ತಾ, ಏನ್ ತಿಂದ್ರಿ, ನೀವು ಯಾವ ಮಾತಿಗೆ ಅಷ್ಟು ನಗ್ತಾ ಇದ್ರಿ ಅಂತ ಅವಳ ಕೈಯಲ್ಲೇ ಹಿಂದುಗಡೆ ಬರೆಸ್ಕೊಳ್ಳಿ.