ಆಸ್ಕರ್ ಪ್ರತಿಮೆಯ ಒಳಗೇನಿದೆ?

ಪ್ರಶ್ನೆ: ಆಸ್ಕರ್ ಪ್ರತಿಮೆ ಅಪ್ಪಟ ಚಿನ್ನದ್ದೆಂದು ಮಗ ಹಟ ಹಿಡಿದಿದ್ದಾನೆ. ಯುದ್ಧದ ಕಾಲದಲ್ಲಿ ಪ್ಲಾಸ್ಟರಿನದ್ದನ್ನು ಕೊಟ್ಟಿದ್ದರೆಂದು ನಾನು ಓದಿದ ನೆನಪು. ಯಾವುದು ಸರಿ? ಪ್ಲಾಸ್ಟರಿನದಾದರೆ ಗೆದ್ದವರಿಗೆ ಮೋಸವಾದಂತಲ್ಲವೇ?
ಓದುಗರೊಬ್ಬರು, ಬದಿಯಡ್ಕ

ಸಂಪಾದಕರ ಉತ್ತರ: ನೀವು ಓದಿದ್ದು ನಿಜ. ಮಗ ಹೇಳುವ ಚಿನ್ನ ಮೇಲಿನ ಲೇಪದಲ್ಲಷ್ಟೇ ಇದೆ, ಈಗ ಒಳಗಿರುವುದು ಕಂಚು. ಅವನಿಗೊಂದು ಲೆಕ್ಕ ಕೊಡಿ. ಪ್ರತಿಮೆಯ ಎತ್ತರ 13.5 ಇಂಚು, ತೂಕ ಸುಮಾರು 3.9 ಕಿಲೋ. ಕಂಚಿಗಿಂತ ಚಿನ್ನ ಎರಡು ಪಟ್ಟಿಗೂ ಹೆಚ್ಚು ಭಾರ. ಅಷ್ಟೇ ಗಾತ್ರದ ಗಟ್ಟಿ ಚಿನ್ನದ ಪ್ರತಿಮೆಯಾದರೆ 8 ಕಿಲೋ ದಾಟಬೇಕಿತ್ತು.

1928ರಲ್ಲಿ ಎಂಜಿಎಂ ಸ್ಟುಡಿಯೋದ ಕಲಾನಿರ್ದೇಶಕ ಸೆಡ್ರಿಕ್ ಗಿಬನ್ಸ್ ಇದನ್ನು ವಿನ್ಯಾಸ ಮಾಡಿದರು. ಶಿಲ್ಪಿ ಜಾರ್ಜ್ ಸ್ಟ್ಯಾನ್ಲಿ ಕೈಯಲ್ಲಿ ಅದು ಮೂರ್ತಿಯಾಯಿತು. ಫಿಲ್ಮ್ ರೀಲಿನ ಮೇಲೆ ಕತ್ತಿ ಹಿಡಿದು ನಿಂತ ವೀರ. ರೀಲಿನ ಐದು ಕಡ್ಡಿಗಳು ನಟರು, ನಿರ್ದೇಶಕರು, ನಿರ್ಮಾಪಕರು, ತಂತ್ರಜ್ಞರು, ಲೇಖಕರು ಎಂಬ ಪ್ರಶಸ್ತಿ ಕೊಡುವ ಅಕಾಡೆಮಿಯ ಆಗಿನ ಐದು ಶಾಖೆಗಳ ಗುರುತು. 1929ರಲ್ಲಿ ಮೊದಲ ಬಾರಿ ಕೊಟ್ಟಾಗ ಒಳಗೆ ಗಟ್ಟಿ ಕಂಚಿತ್ತು. ಕೆಲವೇ ವರ್ಷಗಳಲ್ಲಿ ಕಂಚು ಬಿಟ್ಟು, ತವರಕ್ಕೆ ಆಂಟಿಮನಿ, ತಾಮ್ರ ಬೆರೆಸಿದ ಬ್ರಿಟಾನಿಯಾ ಲೋಹಕ್ಕೆ ಬಂದರು. ಅದಕ್ಕೆ ತಾಮ್ರ, ನಿಕ್ಕಲ್, ಬೆಳ್ಳಿಯ ಲೇಪ, ಕಟ್ಟಕಡೆಗೆ 24 ಕ್ಯಾರೆಟ್ ಚಿನ್ನ.

ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ತತ್ವಾರ ಬಂದಾಗ ಮೂರು ವರ್ಷ ಬಣ್ಣ ಬಳಿದ ಪ್ಲಾಸ್ಟರ್ ಪ್ರತಿಮೆ ಕೊಟ್ಟರು. ಯುದ್ಧ ಮುಗಿದ ಮೇಲೆ ಅದನ್ನು ಮರಳಿಸಿ ಲೋಹದ್ದನ್ನು ಪಡೆಯಲು ಅವಕಾಶವಿತ್ತು. ಇದರಲ್ಲಿ ಮೋಸವೇನೂ ಇಲ್ಲ. ಲೋಹವೆಲ್ಲ ರಣರಂಗಕ್ಕೆ ಹೋಗುತ್ತಿದ್ದಾಗ ವೇದಿಕೆಯ ಮೇಲೆ ಚಿನ್ನ ಮೆರೆಸಿದ್ದರೆ ಅದು ನಾಚಿಕೆಗೇಡಾಗುತ್ತಿತ್ತು. ನನ್ನನ್ನು ಕೇಳಿದರೆ, ಕಂಚು, ಬ್ರಿಟಾನಿಯಾ, ಪ್ಲಾಸ್ಟರ್ ಈ ಮೂರರಲ್ಲಿ ಅತ್ಯಂತ ಗೌರವದ ಆಸ್ಕರ್ ಆ ಪ್ಲಾಸ್ಟರಿನದೇ.

ಚಿನ್ನವೇ ಬೇಕೆಂದರೆ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ತಾಳೆಗರಿಯನ್ನು ಮಗನಿಗೆ ತೋರಿಸಿ: 18 ಕ್ಯಾರೆಟ್, 118 ಗ್ರಾಂ. ನಮ್ಮ ಫಿಲ್ಮ್‌ಫೇರ್‌ನ ‘ಕಪ್ಪು ಮಹಿಳೆ’ ಎಂಬ ಪ್ರಶಸ್ತಿ ಪ್ರತಿಮೆಯಾದರೆ ಕಲಾವಿದ ಎನ್.ಜಿ. ಪಾನ್ಸರೆ ರೂಪಿಸಿದ ಕಂಚಿನ ಮೂರ್ತಿ.

2016ರಿಂದ ಆಸ್ಕರ್ ಕೂಡ ಕಂಚಿಗೆ ಮರಳಿದೆ. ನ್ಯೂಯಾರ್ಕ್ ರಾಜ್ಯದ ಪೋಲಿಕ್ ಟ್ಯಾಲಿಕ್ಸ್ ಕಾರ್ಖಾನೆಯಲ್ಲಿ ಮೇಣದ ಪ್ರತಿಮೆಗೆ ಸೆರಾಮಿಕ್ ಕವಚ ಕಟ್ಟಿ ಸುಡುತ್ತಾರೆ. ಮೇಣ ಕರಗಿ ಹೋದ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ನಮ್ಮ ಕಾಸರಗೋಡು ಜಿಲ್ಲೆಯ ಗಡಿ ದಾಟಿದರೆ ಸಿಗುವ ಕುಂಞಿಮಂಗಲ ಎಂಬ ಊರಿನ ಮೂಶಾರಿಗಳು, ಅಂದರೆ ಕಂಚಿನ ಎರಕದವರು, ದೀಪ, ದೇವರ ಮೂರ್ತಿಗಳನ್ನು ತಲೆಮಾರುಗಳಿಂದ ಎರಕ ಹೊಯ್ಯುವ ಕ್ರಮವೂ ಇದೇ. ಅವರಲ್ಲಿ ಕವಚ ಮಣ್ಣಿನದು. ರಜೆಯಲ್ಲಿ ಮಗನನ್ನು ಕರೆದುಕೊಂಡು ಹೋಗಿ, ಪಯ್ಯನ್ನೂರಿನಲ್ಲಿ ರೈಲಿಳಿದರೆ ಹತ್ತಿರ. ಎರಕ ಹೊಯ್ಯುವುದು ಯಾವ ದಿನ ಎಂದು ಮೊದಲೇ ವಿಚಾರಿಸಿಕೊಳ್ಳಿ.